ಮನೆಯ ರಿಮೋಟು, ಮಗನ ಫೋನು



ಮೊದಲು ಒಂದು ಸಣ್ಣ ಕೆಲಸ ಮಾಡಿ. ನೀವು ಈಗ ಕೂತಿರುವ ಕೋಣೆಯಲ್ಲಿ ಎಷ್ಟು ರಿಮೋಟುಗಳಿವೆ, ಎಣಿಸಿ ನೋಡಿ. ಟೀವಿಯದು ಒಂದು, ಸೆಟ್‌ಟಾಪ್ ಬಾಕ್ಸಿನದು ಒಂದು, ಏಸಿಯದು ಒಂದು. ಹೊಸ ಮಾದರಿಯ ಫ್ಯಾನು ಹಾಕಿಸಿದ್ದರೆ ಅದಕ್ಕೂ ಒಂದು. ಸೋಫಾದ ಸಂದಿಯಲ್ಲಿ ಕೈ ಹಾಕಿದರೆ ಎಂದೋ ಗುಜರಿಗೆ ಹೋದ ಡಿವಿಡಿ ಪ್ಲೇಯರಿನದು ಇನ್ನೊಂದು! ಎಲ್ಲಕ್ಕೂ ಪ್ಲಾಸ್ಟಿಕ್ ಕವರು, ಅದರ ಮೇಲೆ ರಬ್ಬರ್ ಬ್ಯಾಂಡು. ನಮ್ಮವರ ಮನೆಯೆಂದರೆ ಅಷ್ಟಾದರೂ ಇರಲೇಬೇಕಲ್ಲ.

‘ಇಷ್ಟೆಲ್ಲ ಯಾಕೆ, ಈಗ ಫೋನಿನಲ್ಲೇ ಆಗುತ್ತದಲ್ಲ’ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮುಂಬಯಿಯ ನಮ್ಮ ಮನೆಯ ಏಸಿ ರಿಮೋಟಿನೊಳಗೆ ಸೆಲ್ಲು ಸೋರಿ ಕೆಟ್ಟಾಗ, ಹೊಸದನ್ನು ಕೊಳ್ಳುವ ಗೋಜಿಗೆ ಹೋಗದೆ ಆ ಕೆಲಸವನ್ನು ಫೋನಿಗೆ ವಹಿಸಿದೆ. ಚೆನ್ನಾಗಿಯೇ ನಡೆಯಿತು. ಮೇ ತಿಂಗಳಲ್ಲಿ ಊರಿನಿಂದ ಅಮ್ಮ ಬಂದರು. ‘ಸೆಖೆಯಲ್ಲಿ ಅಮ್ಮ ತಣ್ಣಗಿರಲಿ’ ಎಂದು ಏಸಿ ಹಾಕಿ, ಫೋನನ್ನು ಜೇಬಿಗಿಳಿಸಿ, ಲೋಕಲ್ ಹಿಡಿದು ಆಫೀಸಿಗೆ ಹೋದೆ. ಮಧ್ಯಾಹ್ನ ಪಕ್ಕದ ಮನೆಯವರ ನಂಬರಿನಿಂದ ಅಮ್ಮನ ದನಿ: “ಮಗಾ, ಈ ಚಳಿ ಮೆಷಿನ್ನು ನಿಲ್ಸೋದು ಹ್ಯಾಗೋ?” ಅದರ ಸ್ವಿಚ್ಚು ಕಪಾಟಿನ ಹಿಂದೆ, ಅವರ ಕೈಗೆಟುಕದ ಎತ್ತರದಲ್ಲಿತ್ತು. ಮೇ ತಿಂಗಳ ಮುಂಬಯಿಯಲ್ಲಿ ಅಮ್ಮ ಶಾಲು ಹೊದ್ದು ಅಡುಗೆಮನೆಯಲ್ಲಿ ಕೂತಿದ್ದರು!

ತಪ್ಪು ಫೋನಿನದಲ್ಲ, ನನ್ನದು. ಆದರೆ ಅವತ್ತು ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ರಿಮೋಟು ಯಾರದು? ಮನೆಯದೋ, ಮನೆಯ ಒಬ್ಬರದೋ? ಬನ್ನಿ, ಈ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದು ರಿಮೋಟಿನ ಇತಿಹಾಸದೊಳಗೊಮ್ಮೆ ಸುತ್ತಾಡಿ ಬರೋಣ.

ಗಂಟೆ, ದೋಣಿ ಮತ್ತು ರೇಡಿಯೋ

ತಂತಿಯಿಲ್ಲದೆ ದೂರದ ವಸ್ತುವನ್ನು ಆಡಿಸುವ ಕನಸು ಹಳೆಯದು. ನಮ್ಮ ದೇಶಕ್ಕೂ ಅದರಲ್ಲಿ ಹೆಮ್ಮೆಯ ಪಾಲಿದೆ. 1895ರಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ವಿದ್ಯುತ್ಕಾಂತೀಯ ಅಲೆಗಳನ್ನು ಕಳಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದಿನಪುಡಿಯನ್ನು ಸಿಡಿಸಿ ತೋರಿಸಿದ್ದರು. 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಕೋಲಾ ಟೆಸ್ಲಾ, ನೀರಿನ ತೊಟ್ಟಿಯಲ್ಲಿ ತೇಲುತ್ತಿದ್ದ ಪುಟ್ಟ ದೋಣಿಯೊಂದನ್ನು ರೇಡಿಯೋ ಅಲೆಗಳಿಂದಲೇ ನಡೆಸಿ ಜನರನ್ನು ಬೆರಗುಗೊಳಿಸಿದರು. ಅದೇ ವರ್ಷ ಅದಕ್ಕೆ ಪೇಟೆಂಟನ್ನೂ ಪಡೆದರು.

ಮನೆಗೆ ಬಂದ ಮೊದಲ ತಂತಿರಹಿತ ರಿಮೋಟುಗಳಲ್ಲಿ ಒಂದು ಯಾವುದಕ್ಕಿತ್ತು ಗೊತ್ತೇ? ಟೀವಿಗಲ್ಲ, ರೇಡಿಯೋಗೆ! 1930ರ ದಶಕದ ಕೊನೆಯಲ್ಲಿ ಅಮೆರಿಕದ ಫಿಲ್ಕೋ ಕಂಪನಿ ‘ಮಿಸ್ಟರಿ ಕಂಟ್ರೋಲ್’ ಎಂಬ ಪೆಟ್ಟಿಗೆಯನ್ನು ಮಾರಿತು. ಹಳೆಯ ಟೆಲಿಫೋನಿನಂತೆ ಅದರ ಮೇಲೊಂದು ಡಯಲ್ಲು. ಬೆರಳಿಟ್ಟು ತಿರುಗಿಸಿದರೆ ಕೋಣೆಯ ಆಚೆ ತುದಿಯ ರೇಡಿಯೋದಲ್ಲಿ ನಿಲಯ ಬದಲಾಗುತ್ತಿತ್ತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 1935ರಲ್ಲಿ ‘ಆಕಾಶವಾಣಿ’ ಶುರುಮಾಡಿ ಕೆಲವೇ ವರ್ಷಗಳಾಗಿದ್ದ ಕಾಲವದು. ರೇಡಿಯೋ ಬಳಗದ ನಾವು ಈ ಸಂಗತಿಯನ್ನು ಸ್ವಲ್ಪ ಜಂಭದಿಂದಲೇ ನೆನಪಿಟ್ಟುಕೊಳ್ಳಬಹುದು.

ಬಿಸಿಲಿಗೆ ಚಾನೆಲ್ ಬದಲಿಸಿದ ಟೀವಿ

ಟೀವಿ ರಿಮೋಟಿನ ಕಥೆ ಶುರುವಾಗುವುದು ಅಮೆರಿಕದ ಜೆನಿತ್ ಕಂಪನಿಯಲ್ಲಿ. 1950ರಲ್ಲಿ ಅದು ತಂದ ಮೊದಲ ರಿಮೋಟಿಗೆ ಉದ್ದನೆಯ ತಂತಿಯಿತ್ತು, ಹೆಸರು ‘ಲೇಜಿ ಬೋನ್ಸ್’. ಸೋಮಾರಿ ಎಂದು ಗಿರಾಕಿಯನ್ನೇ ಛೇಡಿಸುವ ಹೆಸರು! ಜನ ಆ ತಂತಿಗೆ ಎಡವಿ ಬೀಳತೊಡಗಿದರು. 1955ರಲ್ಲಿ ಯೂಜೀನ್ ಪಾಲಿ ಎಂಬ ಇಂಜಿನಿಯರ್ ‘ಫ್ಲ್ಯಾಶ್‌ಮ್ಯಾಟಿಕ್’ ತಯಾರಿಸಿದರು. ಅದು ಟಾರ್ಚಿನಂಥ ಸಾಧನ. ಟೀವಿಯ ನಾಲ್ಕು ಮೂಲೆಗಳಲ್ಲೂ ಬೆಳಕು ಗ್ರಹಿಸುವ ಕಣ್ಣುಗಳಿದ್ದವು. ಯಾವ ಮೂಲೆಗೆ ಬೆಳಕು ಬಿಡುತ್ತೀರೋ ಆ ಕೆಲಸ ಆಗುತ್ತಿತ್ತು. ತೊಂದರೆಯೆಂದರೆ ಸೂರ್ಯನ ಬೆಳಕಿಗೂ ಆಗುತ್ತಿತ್ತು! ಕಿಟಕಿಯಿಂದ ಬಿಸಿಲು ಬಿದ್ದರೆ ಟೀವಿ ತನ್ನಷ್ಟಕ್ಕೆ ಚಾನೆಲ್ ಬದಲಿಸುತ್ತಿತ್ತು.

ಹಾಗಾದರೆ ರೇಡಿಯೋ ಅಲೆ ಬಳಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಗೋಡೆ ದಾಟುತ್ತದೆ. ನೀವು ಒತ್ತಿದ ಗುಂಡಿಗೆ ಪಕ್ಕದ ಮನೆಯ ಟೀವಿ ಆರಿಹೋದರೆ? ಇನ್ನೊಂದು ಕಡೆ, ಸೆಲ್ಲು ಬೇಡವೇ ಬೇಡ ಎಂದು ಜೆನಿತ್‌ನ ಮಾರಾಟ ವಿಭಾಗದವರು ಹಟ ಹಿಡಿದಿದ್ದರು. ಸೆಲ್ಲು ಮುಗಿದರೆ ಗಿರಾಕಿಗಳು ಟೀವಿಯೇ ಕೆಟ್ಟಿತೆಂದು ಗಲಾಟೆ ಮಾಡುತ್ತಾರೆ ಎಂಬ ಭಯ. ಆಗ ವಿಯೆನ್ನಾದಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಬರ್ಟ್ ಆಡ್ಲರ್ 1956ರಲ್ಲಿ ‘ಸ್ಪೇಸ್ ಕಮ್ಯಾಂಡ್’ ಕೊಟ್ಟರು. ಒಳಗೆ ಬೇರೆ ಬೇರೆ ಉದ್ದದ ನಾಲ್ಕು ಅಲ್ಯುಮಿನಿಯಂ ಸರಳುಗಳು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಸರಳಿಗೆ ಬಡಿಯುತ್ತಿತ್ತು. ಅದರಿಂದ ಹೊರಟ ನಾದ ನಮ್ಮ ಕಿವಿಗೆ ಕೇಳದಷ್ಟು ಎತ್ತರದ್ದು, ಟೀವಿಗೆ ಮಾತ್ರ ಕೇಳಿಸುತ್ತಿತ್ತು. ಜಲತರಂಗದ ಬಟ್ಟಲು ಬಾರಿಸಿದಂತೆಯೇ ಅನ್ನಿ! ಕಿವಿಗೆ ಕೇಳದ ನಾದದ ಈ ವಿಧಾನ ಸುಮಾರು ಕಾಲು ಶತಮಾನ ನಡೆಯಿತು.

ಈ ಎಲ್ಲ ಸಾಧನಗಳಲ್ಲೂ ಒಂದು ಸಮಾನ ಗುಣ ಗಮನಿಸಿದಿರಾ? ಟೀಪಾಯಿಯ ಮೇಲೆ ಬಿದ್ದಿರುತ್ತಿದ್ದವು, ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು.

ನಮ್ಮ ಮನೆಗಳಿಗೆ ಬಂದದ್ದು

ನಮ್ಮಲ್ಲಿ ಬಹಳ ಕಾಲ ರಿಮೋಟು ಬೇಕಾಗಿರಲೇ ಇಲ್ಲ. ಇದ್ದದ್ದು ದೂರದರ್ಶನ ಒಂದೇ. ಏನು ತೋರಿಸಿದರೂ ನೋಡಬೇಕು, ಬದಲಿಸುವುದು ಯಾವುದಕ್ಕೆ? ಮನೆಯ ಕಿರಿಯ ಮಗುವೇ ರಿಮೋಟು. “ಏಯ್ ಪುಟ್ಟಾ, ಎದ್ದು ಸೌಂಡು ಕಡಿಮೆ ಮಾಡೋ!” 1982ರಲ್ಲಿ ಬಣ್ಣದ ಪ್ರಸಾರ ಶುರುವಾದ ನಂತರ ಬಣ್ಣದ ಸೆಟ್ಟುಗಳ ಜೊತೆ ರಿಮೋಟೂ ಮೆಲ್ಲಗೆ ಬಂತು. ಅದಕ್ಕೆ ನಿಜವಾದ ಕೆಲಸ ಸಿಕ್ಕಿದ್ದು 1991ರ ನಂತರ, ಉಪಗ್ರಹ ಚಾನೆಲ್ಲುಗಳು ಕೇಬಲ್ಲಿನಲ್ಲಿ ಹರಿದು ಬಂದಾಗ. 1992ರಲ್ಲಿ ಜೀ ಬಂತು. 1994ರಲ್ಲಿ ಉದಯ ಟೀವಿ ಬಂತು. ಹೊರನಾಡಿನಲ್ಲಿದ್ದ ನಮಗೆ ಆಮೇಲೆ ರಿಮೋಟು ಬರಿಯ ಸೌಕರ್ಯವಾಗಿ ಉಳಿಯಲಿಲ್ಲ. ಮಕ್ಕಳಿಗೆ ಹಿಂದಿ, ಅಜ್ಜಿಗೆ ಕನ್ನಡ! ಯಾರ ಕೈಯಲ್ಲಿ ರಿಮೋಟೋ ಅವರ ಭಾಷೆ ಮನೆಯಲ್ಲಿ ಕೇಳಿಸುತ್ತಿತ್ತು. ನಿಮ್ಮ ಮನೆಯಲ್ಲೂ ಈ ಜಗಳ ಆಗಿರಲೇಬೇಕು, ಅಲ್ಲವೇ?

ಅಷ್ಟು ಹೊತ್ತಿಗೆ ರಿಮೋಟಿನ ಒಳಗೂ ಕ್ರಾಂತಿಯಾಗಿತ್ತು. 1980ರ ದಶಕದ ಹೊತ್ತಿಗೆ ನಾದದ ಜಾಗಕ್ಕೆ ಅವಕೆಂಪು ಕಿರಣ ಬಂದಿತ್ತು. ಕಣ್ಣಿಗೆ ಕಾಣದ, ಗೋಡೆ ದಾಟದ, ಅಗ್ಗದ ಬೆಳಕು. ರಿಮೋಟಿನ ಮೂತಿಯಲ್ಲಿರುವ ಪುಟ್ಟ ದೀಪ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 38,000 ಬಾರಿ ಮಿನುಗುತ್ತದೆ. ಆ ಮಿನುಗಿನ ತುಂಡುಗಳನ್ನು ಉದ್ದ, ಗಿಡ್ಡ ಮಾಡಿ ಸಂಕೇತ ಕಳಿಸುತ್ತದೆ. ತಂತಿ ಕಚೇರಿಯ ಕಟ್ಟು-ಕಡ ಭಾಷೆಯ ಹಾಗೆ. ಬಿಸಿಲಿಗೆ ಟೀವಿ ಮೋಸಹೋಗದಿರುವುದು ಈ ಲಯದಿಂದಲೇ, ಏಕೆಂದರೆ ಸೂರ್ಯ ಹಾಗೆ ಮಿನುಗುವುದಿಲ್ಲ. ನಂಬಿಕೆ ಬಾರದಿದ್ದರೆ ಫೋನಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರತ್ತ ಹಿಡಿದು ಗುಂಡಿ ಒತ್ತಿ. ಹಲವು ಫೋನುಗಳಲ್ಲಿ ನೇರಳೆ ಬಣ್ಣದ ಮಿಣುಕು ಕಾಣಿಸುತ್ತದೆ. ಸೆಲ್ಲು ಮುಗಿದಿದೆಯೋ ರಿಮೋಟು ಕೆಟ್ಟಿದೆಯೋ ಎಂದು ತಿಳಿಯಲು ಇದು ಸುಲಭದ ಪರೀಕ್ಷೆ.

ಎಲ್ಲಕ್ಕೂ ಒಂದೇ

ಆದರೆ ಪ್ರತಿ ಕಂಪನಿಯೂ ತನ್ನದೇ ಸಂಕೇತ ಭಾಷೆ ಮಾಡಿಕೊಂಡಿತು. ಜಪಾನಿನ ಎನ್‌ಇಸಿಯದು ಒಂದು, ಫಿಲಿಪ್ಸ್‌ನದು ಇನ್ನೊಂದು. ಟೀಪಾಯಿಯ ಮೇಲೆ ರಿಮೋಟುಗಳ ಸಂತೆ ನೆರೆದದ್ದು ಹೀಗೆ. ಎಲ್ಲ ಭಾಷೆ ಬಲ್ಲ ದುಭಾಷಿಯೊಬ್ಬ ಬೇಕಾಯಿತು. ಆಪಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ‘ಕೋರ್’ ಎಂಬ ರಿಮೋಟು ತಂದರು. ಬೇರೆ ರಿಮೋಟನ್ನು ಅದರೆದುರು ಹಿಡಿದು ಒತ್ತಿದರೆ ಸಂಕೇತವನ್ನು ಕಲಿತುಕೊಳ್ಳುತ್ತಿತ್ತು. ಜಾಣ ಸಾಧನವೇ ಸರಿ, ಆದರೆ ಸಾಮಾನ್ಯರಿಗೆ ಕಬ್ಬಿಣದ ಕಡಲೆ. ಆಮೇಲೆ ಸಂಕೇತಗಳ ಪಟ್ಟಿಯನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಅಗ್ಗದ ಯೂನಿವರ್ಸಲ್ ರಿಮೋಟುಗಳು ಬಂದವು. ಮುಂಬಯಿಯ ಲ್ಯಾಮಿಂಗ್ಟನ್ ರೋಡು, ಚೆನ್ನೈನ ರಿಚ್ಚಿ ಸ್ಟ್ರೀಟು, ನಮ್ಮ ಬೆಂಗಳೂರಿನ ಎಸ್.ಪಿ. ರೋಡು ಬಲ್ಲವರಿಗೆ ಅವು ಅಪರಿಚಿತವೇನಲ್ಲ.

ಈ ಪಟ್ಟಿಯನ್ನು ಫೋನಿಗೇ ತುಂಬಿದರೆ? 2013ರಲ್ಲಿ ಅದೂ ಆಯಿತು. ಆ ವರ್ಷದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್4, ಎಚ್‌ಟಿಸಿ ಒನ್ ಫೋನುಗಳಲ್ಲಿ ಅವಕೆಂಪು ದೀಪ ಇತ್ತು. ಅದೇ ವರ್ಷ ಬಂದ ಆಂಡ್ರಾಯ್ಡ್ 4.4 ಆ ದೀಪವನ್ನು ಬಳಸುವ ದಾರಿಯನ್ನು ಎಲ್ಲ ಆಪ್ ತಯಾರಕರಿಗೂ ತೆರೆದಿಟ್ಟಿತು. ಆದರೆ 2016ರ ಎಸ್7ನಲ್ಲಿ ಸ್ಯಾಮ್‌ಸಂಗ್ ದೀಪವನ್ನು ಕೈಬಿಟ್ಟಿತು. ಐಫೋನಿನಲ್ಲಿ ಅದು ಬರಲೇ ಇಲ್ಲ. ಶಿಯೋಮಿಯಂಥ ಕೆಲವರು ಮಾತ್ರ ಉಳಿಸಿಕೊಂಡು ಬಂದರು. ಹೀಗಾಗಿ ನಿಮ್ಮ ಫೋನು ರಿಮೋಟಾಗುವುದೋ ಇಲ್ಲವೋ ತಿಳಿಯಲು ಅದರ ಮೇಲಂಚಿನಲ್ಲಿ ಸಣ್ಣ ಕಪ್ಪು ಚುಕ್ಕೆಯಂಥ ದೀಪ ಇದೆಯೇ ನೋಡಬೇಕು. ದೀಪವಿಲ್ಲದಿದ್ದರೆ ಯಾವ ಆಪ್ ಹಾಕಿಕೊಂಡರೂ ಹಳೆಯ ಟೀವಿ ಮಾತು ಕೇಳದು.

ಏಸಿಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅವಕೆಂಪು ರಿಮೋಟು ಹೇಳುತ್ತದೆ, ಕೇಳುವುದಿಲ್ಲ. ಏಸಿ ತಿರುಗಿ ಉತ್ತರ ಕೊಡುವುದಿಲ್ಲ. ನೀವು ಗುಂಡಿ ಒತ್ತಿದಾಗಲೆಲ್ಲ ಡಿಗ್ರಿ, ಫ್ಯಾನಿನ ವೇಗ ಎಲ್ಲವನ್ನೂ ಒಟ್ಟಿಗೆ ಕಳಿಸಿ ಸುಮ್ಮನಾಗುತ್ತದೆ. ಹಾಗಾಗಿ ಒಂದು ಫೋನಿನಲ್ಲಿ 24 ಡಿಗ್ರಿ, ಇನ್ನೊಂದರಲ್ಲಿ 18 ಅಂತ ಇದ್ದರೆ ಎರಡೂ ತಮ್ಮದೇ ನಿಜ ಅಂದುಕೊಂಡಿರುತ್ತವೆ!

ಮಾತು ಮನೆ ದಾಟಿದಾಗ

ಈ ಕಿವುಡುತನ ನೀಗಿದ್ದು ವೈ-ಫೈ. ಫೋನು ಕೇಳುತ್ತದೆ, ಉಪಕರಣ ಉತ್ತರಿಸುತ್ತದೆ. ಆಫೀಸಿನಿಂದಲೇ ಏಸಿ ಆರಿಸಬಹುದು. ನಮ್ಮ ಅಮ್ಮನ ಕಷ್ಟ ಇದರಿಂದ ತೀರುತ್ತಿತ್ತೇನೋ ನಿಜ. ಆದರೆ ಇಲ್ಲಿ ಇತಿಹಾಸ ಒಂದು ಎಚ್ಚರಿಕೆ ಕೊಡುತ್ತದೆ. ಅವಕೆಂಪು ಕಿರಣದ ಮಾತು ಕೋಣೆಯೊಳಗೇ ಮುಗಿಯುತ್ತಿತ್ತು. ಹಲವು ವೈ-ಫೈ ಉಪಕರಣಗಳಲ್ಲಿ ನಿಮ್ಮ ‘ಆರಿಸು’ ಎಂಬ ಮಾತು ಎಲ್ಲೋ ದೂರದ ಕಂಪನಿಯ ಸರ್ವರಿಗೆ ಹೋಗಿ ಮರಳಿ ನಿಮ್ಮದೇ ಗೋಡೆಯ ಏಸಿಗೆ ಬರುತ್ತದೆ. ಆ ಸರ್ವರು ನಿಂತರೆ?

ನಿಂತ ಉದಾಹರಣೆಗಳಿವೆ. ಅಮೆರಿಕದಲ್ಲಿ ಸುಮಾರು 300 ಡಾಲರಿಗೆ ಮಾರಾಟವಾಗಿದ್ದ ‘ರಿವಾಲ್ವ್’ ಎಂಬ ಮನೆ ನಿಯಂತ್ರಕವನ್ನು ಗೂಗಲ್ ಬಳಗದ ನೆಸ್ಟ್ 2014ರಲ್ಲಿ ಕೊಂಡಿತು. 2016ರಲ್ಲಿ ಅದರ ಸೇವೆ ನಿಲ್ಲಿಸಿತು. ಏನೂ ಕೆಡದಿದ್ದ ಪೆಟ್ಟಿಗೆಗಳು ಒಂದೇ ದಿನಕ್ಕೆ ಕೆಲಸಕ್ಕೆ ಬಾರದಾದವು. 2022ರ ಏಪ್ರಿಲ್‌ನಲ್ಲಿ ‘ಇನ್‌ಸ್ಟಿಯಾನ್’ ಸರ್ವರುಗಳು ಮುನ್ಸೂಚನೆಯಿಲ್ಲದೆ ನಿಂತುಹೋದಾಗ ಅದರ ಗಿರಾಕಿಗಳ ಆಪ್ ಮೌನವಾಯಿತು. ಸೆಲ್ಲು ಮುಗಿದ ರಿಮೋಟಿಗೆ ಅಂಗಡಿಯಿಂದ ಸೆಲ್ಲು ತರಬಹುದು. ಸರ್ವರು ಮುಗಿದರೆ ಯಾವ ಅಂಗಡಿಗೆ ಹೋಗೋಣ?

ಒಳ್ಳೆಯ ಸುದ್ದಿಯೂ ಇದೆ. 2022ರ ಅಕ್ಟೋಬರಿನಲ್ಲಿ ದೊಡ್ಡ ಕಂಪನಿಗಳು ಸೇರಿ ‘ಮ್ಯಾಟರ್’ ಎಂಬ ಸಾಮಾನ್ಯ ಭಾಷೆಯನ್ನು ಹೊರತಂದವು. ಇದರಲ್ಲಿ ಮಾತು ಮನೆಯ ಜಾಲದೊಳಗೇ ನಡೆಯಬಲ್ಲದು. 2023ರಲ್ಲಿ ಏಸಿ, ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳನ್ನೂ ಅದಕ್ಕೆ ಸೇರಿಸಿದರು. ಹೊಸ ಉಪಕರಣ ಕೊಳ್ಳುವಾಗ ಅಂಗಡಿಯವರನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ‘ಇಂಟರ್ನೆಟ್ ಇಲ್ಲದಿದ್ದರೆ ಇದು ನಡೆಯುತ್ತದೆಯೇ?’

ಕೊನೆಯದಾಗಿ

ಫೋನನ್ನು ರಿಮೋಟು ಮಾಡಿಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಸಿಗೆ ಹಿಡಿದವರಿಗೆ, ಎದ್ದು ಓಡಾಡಲಾಗದವರಿಗೆ ಅದು ವರವೇ ಹೌದು. ಆದರೆ ಫೋನು ಒಬ್ಬರದು, ಅದಕ್ಕೆ ಬೀಗವಿದೆ, ಅದು ಒಬ್ಬರ ಜೇಬಿನಲ್ಲಿ ಹೊರಟುಬಿಡುತ್ತದೆ. ಟೀಪಾಯಿಯ ಮೇಲಿನ ರಿಮೋಟಿಗೆ ಪಾಸ್‌ವರ್ಡ್ ಇಲ್ಲ. ಮೊಮ್ಮಗುವೂ ಒತ್ತಬಹುದು, ಅಜ್ಜಿಯೂ ಒತ್ತಬಹುದು. ಊರು ಬಿಟ್ಟು, ಭಾಷೆ ಬಾರದ ಊರಿನ ಫ್ಲ್ಯಾಟಿನಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಆ ನಾಲ್ಕು ಗುಂಡಿಗಳು ಸಣ್ಣ ಸ್ವಾತಂತ್ರ್ಯ. ಅದನ್ನು ನಮಗೆ ಗೊತ್ತಿಲ್ಲದೆಯೇ ಕಿತ್ತುಕೊಂಡುಬಿಡುತ್ತೇವೆ.

ಅದಕ್ಕೇ ಹೇಳುವುದು, ಹಳೆಯ ರಿಮೋಟನ್ನು ಎಸೆಯಬೇಡಿ. ಬಳಸದಿದ್ದರೆ ಸೆಲ್ಲು ತೆಗೆದಿಡಿ, ಸೋರುವುದಿಲ್ಲ. ಮನೆಗೆ ಹಿರಿಯರು ಬಂದಾಗ ಹೊಸ ಸೆಲ್ಲು ಹಾಕಿ, ಆರಿಸುವ ಗುಂಡಿಯ ಮೇಲೆ ಕೆಂಪು ಬಿಂದಿಯೊಂದನ್ನು ಅಂಟಿಸಿ ಅವರ ಕೈಗೆ ಕೊಡಿ. ನಮ್ಮ ಮನೆಯಲ್ಲಿ ಈಗ ಹಾಗೇ ಮಾಡಿದ್ದೇವೆ. ಹೊಸ ರಿಮೋಟು ತಂದ ದಿನ ಅಮ್ಮ ಮೂರು ಬಾರಿ ಏಸಿ ಹಾಕಿ, ಮೂರು ಬಾರಿ ಆರಿಸಿ ನೋಡಿ, “ಈಗ ನೀ ಆಫೀಸಿಗೆ ಹೋಗು” ಅಂದರು.

ಅಂದಹಾಗೆ, ನಮ್ಮ ಕನ್ನಡ ಕಾರ್ಯಕ್ರಮ ಬರುವ ಹೊತ್ತಿಗೆ ರೇಡಿಯೋ ಪಕ್ಕದಲ್ಲೇ ಕೂತಿರಿ. ಅದಕ್ಕಿನ್ನೂ ಕಿವಿ ಹಿಂಡಿದರೆ ಸಾಕು, ಮಾತಾಡುತ್ತದೆ!