ಕಣ್ಣಿನ ಕೆಳಗಿನ ಚೀಲಕ್ಕೆ ಕತ್ತರಿ ಬಿದ್ದ ಕಥೆ

"ರಾತ್ರಿ ನಿದ್ದೆ ಆಗಿಲ್ವಾ?" ಎಂದು ಆಫೀಸಿನಲ್ಲಿ ಕೇಳಿಸಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ಎಂಟು ತಾಸು ಮಲಗೆದ್ದು ಬಂದ ದಿನವೂ ಈ ಪ್ರಶ್ನೆ ತಪ್ಪುವುದಿಲ್ಲ. ನಮ್ಮ ಅಪ್ಪನಿಗೂ ಕಣ್ಣಿನ ಕೆಳಗೆ ಹೀಗೇ ಸಣ್ಣ ಚೀಲಗಳಿದ್ದವು, ಅವುಗಳ ಕೆಳಗೆ ಒಂದು ಕಪ್ಪು ಗೆರೆ. ಊರಿನಲ್ಲಿ ಅದನ್ನು ಯಾರೂ ಎತ್ತಿ ಆಡಿದ್ದು ನೆನಪಿಲ್ಲ. ಅವರು ಮೇಷ್ಟ್ರು, ಅವರ ಮುಖ ಹಾಗಿತ್ತು, ಅಷ್ಟೇ. ಪುಣೆಗೆ ಬಂದ ಮೇಲೆ, ಅದರಲ್ಲೂ ಲ್ಯಾಪ್‌ಟಾಪಿನ ಮೂಲೆಯಲ್ಲಿ ನಮ್ಮ ಮುಖವನ್ನು ನಾವೇ ದಿನವಿಡೀ ನೋಡಿಕೊಳ್ಳುವ ಕಾಲ ಬಂದ ಮೇಲೆ, ಅದೇ ಮುಖ ದೋಷವಾಯಿತು. ಅಪ್ರೈಸಲ್ ಹತ್ತಿರ ಬಂದಾಗ ಹಿರಿಯ ಸಹೋದ್ಯೋಗಿಯೊಬ್ಬರು "ಸ್ವಲ್ಪ ಫ್ರೆಶ್ ಆಗಿ ಕಾಣಿಸಿಕೋ" ಎಂದು ಹಿತವಚನ ಹೇಳಿ, ಒಂದು ಕ್ಲಿನಿಕ್ಕಿನ ದಾರಿಯನ್ನೂ ತೋರಿಸಿದರು. ನಾನು ಕ್ಲಿನಿಕ್ಕಿಗೆ ಹೋಗಲಿಲ್ಲ, ಓದಲು ಕೂತೆ. ಬೆರಳಗಲದ ಈ ಉಬ್ಬು ಎಂದಿನಿಂದ ಚಿಕಿತ್ಸೆಯ ವಸ್ತುವಾಯಿತು, ಯಾರಿಗಾಗಿ ಆಯಿತು ಎಂಬುದು ನನಗೆ ಬೇಕಿತ್ತು.

ಕಣ್ಣುರೆಪ್ಪೆಗೆ ಶಸ್ತ್ರ ಹಾಕುವುದು ಹೊಸದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ರೆಪ್ಪೆಯ ರೋಗಗಳನ್ನೇ ಇಪ್ಪತ್ತೊಂದು ಎಂದು ಎಣಿಸಿದ್ದಾರೆ. ಅದರಲ್ಲಿ ಪಕ್ಷ್ಮಕೋಪ ಎಂಬುದೊಂದು. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣುಗುಡ್ಡೆಯನ್ನು ಚುಚ್ಚುವ ಕಾಯಿಲೆ ಅದು. ಇದಕ್ಕೆ ಹೇಳಿರುವ ಶಸ್ತ್ರಚಿಕಿತ್ಸೆ ಇಂದಿನವರಿಗೂ ಗುರುತು ಸಿಗುವಂಥದ್ದು: ಹುಬ್ಬಿನ ಕೆಳಗೆ ಜಾಗ ಬಿಟ್ಟು, ಮೇಲ್‌ರೆಪ್ಪೆಯ ಚರ್ಮವನ್ನು ಜವೆಗೋಧಿಯ ಕಾಳಿನ ಆಕಾರದಲ್ಲಿ ಅಡ್ಡಲಾಗಿ ಕತ್ತರಿಸಿ ತೆಗೆಯುವುದು, ಕೂದಲಿನಿಂದ ಹೊಲಿಯುವುದು, ಜೇನು ಮತ್ತು ತುಪ್ಪ ಹಚ್ಚುವುದು, ಹಣೆಗೆ ಪಟ್ಟಿ ಕಟ್ಟಿ ಹೊಲಿಗೆಯನ್ನು ಅದಕ್ಕೆ ಬಿಗಿಯುವುದು. ರೋಮಿನ ಸೆಲ್ಸಸ್ ಮೊದಲ ಶತಮಾನದಲ್ಲಿ ಜೋತುಬಿದ್ದ ರೆಪ್ಪೆಯ ಚರ್ಮ ತೆಗೆಯುವುದನ್ನು ಬರೆದ. ಬಾಗ್ದಾದಿನ ಕಣ್ಣಿನ ವೈದ್ಯ ಅಲಿ ಇಬ್ನ್ ಈಸಾ ಹೇಳಿದ ಉಪಾಯ ಓದುವಾಗಲೇ ಮೈ ಜುಮ್ಮೆನ್ನುತ್ತದೆ: ಹೆಚ್ಚಾದ ಚರ್ಮದ ಮಡಿಕೆಯನ್ನು ಎರಡು ಕಡ್ಡಿಗಳ ನಡುವೆ ಬಿಗಿಯಾಗಿ ಕಟ್ಟಿಬಿಡುವುದು, ಸುಮಾರು ಹತ್ತು ದಿನದಲ್ಲಿ ರಕ್ತವಿಲ್ಲದೆ ಆ ಚರ್ಮ ಸತ್ತು ಉದುರುತ್ತದೆ.

ಈ ಮೂವರ ಗಮನವೂ ದೃಷ್ಟಿಯ ಮೇಲೆ. ರೆಪ್ಪೆ ಜೋತು ಕಣ್ಣಿಗೆ ಅಡ್ಡ ಬಂದರೆ, ಕೂದಲು ಚುಚ್ಚಿದರೆ ಚಿಕಿತ್ಸೆ. ಕೆಳರೆಪ್ಪೆಯ ಉಬ್ಬು ದೃಷ್ಟಿಗೆ ಏನೂ ಮಾಡುವುದಿಲ್ಲ, ಹಾಗಾಗಿ ಅದಕ್ಕೆ ಕತ್ತಿ ಹಿರಿಯುವ ಕಾರಣ ಯಾರಿಗೂ ಕಂಡಂತಿಲ್ಲ. ಮುಖದ ಕಪ್ಪಿನ ವಿಷಯ ಬೇರೆ. ಮುಖದಲ್ಲಿ ಮೂಡುವ ನೋವಿಲ್ಲದ ಕಪ್ಪು ಕಲೆಯನ್ನು ಸುಶ್ರುತ ಸಂಹಿತೆ ವ್ಯಂಗ ಎಂದು ಕರೆದು ಕ್ಷುದ್ರರೋಗಗಳ ಸಾಲಿಗೆ ಸೇರಿಸಿದೆ. ಕಾರಣವಾಗಿ ಕೊಟ್ಟಿರುವುದು ಕೋಪ ಮತ್ತು ಆಯಾಸ. ಇಂದಿನ ಚರ್ಮವೈದ್ಯರು ಒಪ್ಪಲಿಕ್ಕಿಲ್ಲ, ಆದರೆ ತಿಂಗಳ ಕೊನೆಯಲ್ಲಿ ರಿಲೀಸ್ ಇಟ್ಟುಕೊಂಡವರು ಒಪ್ಪುತ್ತಾರೆ.

ಮುಂದಿನ ಹೆಜ್ಜೆ ನಮ್ಮ ಶ್ರೀರಂಗಪಟ್ಟಣದಿಂದ ಹೊರಟು ಈಗ ನಾನಿರುವ ಪುಣೆಯ ಮೇಲೆ ಹಾದುಹೋಗಿದ್ದು ನನಗೆ ಗೊತ್ತಿರಲಿಲ್ಲ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಗೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬ ಮರಾಠನನ್ನು ಟಿಪ್ಪುವಿನ ಸೈನಿಕರು ಸೆರೆಹಿಡಿದು ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಒಂದು ವರ್ಷ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಸುಡುವ ಜಾತಿಯವನೊಬ್ಬ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಮಾಡಿಕೊಟ್ಟ. ಕಂಪನಿಯ ವೈದ್ಯರಿಬ್ಬರು ನಿಂತು ನೋಡಿದರು. 1794ರಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಚಿತ್ರದ ಸಮೇತ ಇದನ್ನು ಅಚ್ಚು ಹಾಕಿತು. ಕಾವಸ್‌ಜಿಯ ಹೆಸರು ಉಳಿಯಿತು, ಮೂಗು ಮಾಡಿದವನದು ಉಳಿಯಲಿಲ್ಲ. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ವಿಧಾನವನ್ನು ತಾನೂ ಮಾಡಿ 1816ರಲ್ಲಿ ಪುಸ್ತಕ ಬರೆದ. ಬರ್ಲಿನ್ನಿನಲ್ಲಿ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ ಭಾರತೀಯ ಪದ್ಧತಿಯನ್ನೂ ಇಟಲಿಯ ಪದ್ಧತಿಯನ್ನೂ ಹೋಲಿಸಿ 1818ರಲ್ಲಿ ಮೂಗಿನ ಮರುರಚನೆಯ ಗ್ರಂಥ ತಂದ. ಕಣ್ಣುರೆಪ್ಪೆಯ ಶಸ್ತ್ರಚಿಕಿತ್ಸೆಗೆ ಇಂದಿಗೂ ಬಳಕೆಯಲ್ಲಿರುವ 'ಬ್ಲೆಫೆರೋಪ್ಲಾಸ್ಟಿ' ಎಂಬ ಹೆಸರು ಬಂದದ್ದೂ ಇದೇ ಗ್ರೇಫೆಯಿಂದ, ಅದೇ 1818ರಲ್ಲಿ. ಆಗ ಆ ಪದದ ಅರ್ಥ, ರೋಗದಿಂದ ಕಳೆದುಹೋದ ರೆಪ್ಪೆಯನ್ನು ಮತ್ತೆ ಕಟ್ಟುವುದು.

ಇರುವ ರೆಪ್ಪೆಯನ್ನು ಚಂದ ಮಾಡುವುದು ಎಂಬ ಅರ್ಥ ಬರಲು ಇನ್ನೂ ಸುಮಾರು ತೊಂಬತ್ತು ವರ್ಷ ಬೇಕಾಯಿತು. 1907ರಲ್ಲಿ ಷಿಕಾಗೋದ ಚಾರ್ಲ್ಸ್ ಮಿಲ್ಲರ್ ಬರೀ ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗಳ ಮೇಲೆ ಪುಸ್ತಕ ಬರೆದ. ಕಣ್ಣಿನ ಕೆಳಗಿನ ಚೀಲದಂಥ ಮಡಿಕೆಯನ್ನು ಕತ್ತರಿಸಿ ತೆಗೆಯುವುದು ಅವನ ಕಸುಬಿನಲ್ಲಿತ್ತು. ಅವನನ್ನು ಈ ಕ್ಷೇತ್ರದ ಪಿತಾಮಹ ಎನ್ನುವವರೂ ಇದ್ದಾರೆ, ನಕಲಿ ಡಾಕ್ಟರು ಎಂದವರೂ ಇದ್ದಾರೆ. ಮಿಲ್ಲರ್ ಎದುರಿಸಿದ್ದು ಚರ್ಮವನ್ನು ಮಾತ್ರ. ಆದರೆ ಚೀಲ ಹುಟ್ಟುವುದು ಹೆಚ್ಚಾಗಿ ಚರ್ಮದಿಂದಲ್ಲ. ಕಣ್ಣುಗುಡ್ಡೆ ಮೂಳೆಯ ಗೂಡಿನೊಳಗೆ ಕೊಬ್ಬಿನ ಮೆತ್ತೆಯ ಮೇಲೆ ಕೂತಿರುತ್ತದೆ. ಆ ಕೊಬ್ಬು ಮುಂದಕ್ಕೆ ಬಾರದಂತೆ ಒಂದು ತೆಳು ಪರದೆ ತಡೆಹಿಡಿಯುತ್ತದೆ. ವಯಸ್ಸಿಗೋ ವಂಶಕ್ಕೋ ಆ ಪರದೆ ಸಡಿಲವಾದರೆ, ಹಳೇ ದಿಂಬಿನ ಹೊಲಿಗೆ ಬಿಟ್ಟಂತೆ, ಒಳಗಿನದು ಉಬ್ಬಿಕೊಂಡು ಬರುತ್ತದೆ. ಬರೀ ಚರ್ಮ ಕತ್ತರಿಸಿದರೆ ಉಬ್ಬು ಅಲ್ಲೇ ಉಳಿಯುತ್ತದೆ. ಜಾಸ್ತಿ ಕತ್ತರಿಸಿದರೆ ಕೆಳರೆಪ್ಪೆ ಜಗ್ಗಿ ಕಣ್ಣಿನ ಬಿಳಿ ಭಾಗ ಎದ್ದು ಕಾಣುತ್ತದೆ, ಕಣ್ಣು ಸದಾ ಒಣಗುತ್ತದೆ. ಪ್ಯಾರಿಸ್ಸಿನ ಜೂಲಿಯನ್ ಬುರ್ಗೆ 1924ರಲ್ಲಿ ಇದನ್ನು ಕಣ್ಣುಗೂಡಿನ ಕೊಬ್ಬಿನ ಹರ್ನಿಯಾ ಎಂದು ಕರೆದು, ಹೊರಗೆ ಗಾಯವೇ ಕಾಣದಂತೆ ರೆಪ್ಪೆಯ ಒಳಮೈಯಿಂದ ಕೊಬ್ಬು ತೆಗೆಯುವ ದಾರಿ ತೋರಿಸಿದ. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಅರ್ಧ ಶತಮಾನ ಕಳೆದ ಮೇಲೆ.

ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ಇನ್ನೊಬ್ಬರಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದವರು ಅವರು. ಸುಜಾನ್ ನೋಯೆಲ್ ಹುಟ್ಟಿದ್ದು 1878ರಲ್ಲಿ, ಲಾಂ ಎಂಬ ಪಟ್ಟಣದಲ್ಲಿ. ಹತ್ತೊಂಬತ್ತಕ್ಕೆ ಮದುವೆ, ಗಂಡ ಚರ್ಮವೈದ್ಯ. ಮದುವೆಯ ನಂತರವೇ ವೈದ್ಯಕೀಯ ಓದಿದರು. 1912ರಲ್ಲಿ ನಟಿ ಸಾರಾ ಬರ್ನಾರ್ಡ್ ಅಮೆರಿಕದಿಂದ ಮುಖ ಎಳೆಯವಾಗಿಸಿಕೊಂಡು ಬಂದ ಸುದ್ದಿ ಓದಿ, ಕನ್ನಡಿಯ ಮುಂದೆ ಕೂತು ತಮ್ಮದೇ ಮುಖದ ಚರ್ಮವನ್ನು ಚಿವುಟಿ ಎಳೆದು ನೋಡಿದರಂತೆ. ಮೊದಲ ಮಹಾಯುದ್ಧದಲ್ಲಿ ಹಿಪೊಲಿತ್ ಮೊರೆಸ್ತಾಂ ಅವರ ಕೈಕೆಳಗೆ, ಶೆಲ್ಲು ಬಡಿದು ಮುಖ ಹಾರಿಹೋದ ಸೈನಿಕರ ಮೇಲೆ ಕೆಲಸ ಮಾಡಿದರು. 1918ರಲ್ಲಿ ಗಂಡ ತೀರಿಕೊಂಡ. 1922ರಲ್ಲಿ ಒಬ್ಬಳೇ ಮಗಳು. 1924ರಲ್ಲಿ ಎರಡನೆಯ ಗಂಡ ಆಂದ್ರೆ ಸೆನ್ ನದಿಗೆ ಹಾರಿದ. ಇಷ್ಟಾದ ಮೇಲೆ, 1925ರಲ್ಲಿ, ಪ್ರಬಂಧ ಮಂಡಿಸಿ ಪದವಿ ಪೂರ್ಣ ಮಾಡಿದರು. 1926ರಲ್ಲಿ ಪುಸ್ತಕ ಬರೆದರು. ಆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳಬೇಕೆಂದರೆ 'ಸೌಂದರ್ಯ ಶಸ್ತ್ರಚಿಕಿತ್ಸೆ: ಅದರ ಸಾಮಾಜಿಕ ಪಾತ್ರ'.

ಸಾಮಾಜಿಕ ಪಾತ್ರ ಎಂದರೆ ನೌಕರಿ. ನೋಯೆಲ್ ಬಳಿ ಬಂದವರಲ್ಲಿ ಶ್ರೀಮಂತರೂ ನಟಿಯರೂ ಇದ್ದರು, ನಿಜ. ಆದರೆ ಪುಸ್ತಕದ ವಾದ ನಿಂತಿರುವುದು ಇತರರ ಮೇಲೆ: ದುಡಿದು ತಿನ್ನುವ ಹೆಂಗಸರ ಮೇಲೆ, ಸುಕ್ಕು ಕಂಡ ಕೂಡಲೇ ಕೆಲಸ ಹೋಗುವ ಭಯದಲ್ಲಿದ್ದವರ ಮೇಲೆ. ಯುದ್ಧ ಎಷ್ಟೋ ಮನೆಗಳ ಗಂಡಸರನ್ನು ನುಂಗಿತ್ತು. ಹೆಂಗಸಿನ ಸಂಬಳವೇ ಮನೆಯ ಆಧಾರ. ಐವತ್ತರ ಮುಖ ಹೊತ್ತು ಕೆಲಸ ಕೇಳಿದರೆ ಬಾಗಿಲು ಮುಚ್ಚುತ್ತಿತ್ತು. ನೋಯೆಲ್ ತಮ್ಮ ಮನೆಯಲ್ಲೇ, ಅಷ್ಟು ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟು, ಸಣ್ಣ ಸಣ್ಣ ಕೊಯ್ತಗಳಲ್ಲಿ ಮುಖ ಮತ್ತು ರೆಪ್ಪೆಗಳನ್ನು ಸರಿಪಡಿಸುತ್ತಿದ್ದರು. ಬಂದವರು ಅಂದೇ ನಡೆದು ಮನೆಗೆ ಹೋಗಬೇಕು, ಯಾರಿಗೂ ಗೊತ್ತಾಗಬಾರದು, ಕೆಲಸಕ್ಕೆ ರಜೆ ಹಾಕುವಂತಾಗಬಾರದು ಎಂಬುದು ಅವರ ವಿಧಾನದ ಮುಖ್ಯ ಲೆಕ್ಕ. ಕೈಯಲ್ಲಿ ಕಾಸಿಲ್ಲದವರಿಂದ ಹಣ ತೆಗೆದುಕೊಳ್ಳದೆಯೂ ಮಾಡಿದ್ದುಂಟು.

ಇದೇ ನೋಯೆಲ್ ಸ್ತ್ರೀವಾದಿ ಕೂಡ. ಮತದಾನದ ಹಕ್ಕಿಲ್ಲದ ಹೆಂಗಸರು ತೆರಿಗೆ ಕಟ್ಟಬಾರದು ಎಂದು 1923ರಲ್ಲಿ ಕರೆಕೊಟ್ಟವರು. ದುಡಿಯುವ ಹೆಂಗಸರ ಸಂಘವಾದ ಸೊರಾಪ್ಟಿಮಿಸ್ಟ್ ಕ್ಲಬ್ಬನ್ನು 1924ರಲ್ಲಿ ಪ್ಯಾರಿಸ್ಸಿಗೆ ತಂದು, ನಂತರ ಯೂರೋಪಿನ ಊರೂರಿಗೆ ಒಯ್ದವರು. ಹೆಂಗಸಿನ ಮುಖ ನೋಡಿ ಸಂಬಳ ನಿರ್ಧರಿಸುವ ಲೋಕವನ್ನು ಒಂದು ಕೈಯಿಂದ ಬಯ್ಯುತ್ತ, ಇನ್ನೊಂದು ಕೈಯಿಂದ ಆ ಲೋಕಕ್ಕೆ ಬೇಕಾದ ಮುಖವನ್ನೇ ಮಾಡಿಕೊಡುತ್ತಿದ್ದರು. ಇದು ವಿರೋಧಾಭಾಸ ಎಂದು ಅನೇಕರು ಬರೆದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಾಡಿಗೆ ಕಟ್ಟುವ ತಾರೀಖು ಸಮಾಜ ಬದಲಾಗುವವರೆಗೆ ಕಾಯುವುದಿಲ್ಲ. ಊರು ಬಿಟ್ಟು ಬಂದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಈಗಿನ ಜಾಹೀರಾತುಗಳು "ನಿಮಗಾಗಿ, ನಿಮ್ಮ ಆತ್ಮವಿಶ್ವಾಸಕ್ಕಾಗಿ" ಎನ್ನುತ್ತವೆ. ನೋಯೆಲ್ ಹಾಗೆ ಸುಳ್ಳು ಹೇಳಲಿಲ್ಲ, ಧಣಿಗಾಗಿ ಎಂದೇ ಹೇಳಿದರು. 1928ರಲ್ಲಿ ಫ್ರಾನ್ಸ್ ಅವರಿಗೆ ಲೀಜಿಯನ್ ಆಫ್ ಆನರ್ ಕೊಟ್ಟಿತು, ಮತದಾನದ ಹಕ್ಕು ಕೊಟ್ಟದ್ದು 1944ರಲ್ಲಿ.

ಮುಂದಿನದು ಬೇಗ ಹೇಳಬಹುದು. ಲಾಸ್ ಏಂಜಲೀಸಿನ ಸಾಲ್ವಡಾರ್ ಕಾಸ್ಟನ್ಯಾರೆಸ್ 1951ರಲ್ಲಿ ರೆಪ್ಪೆಗಳ ಕೊಬ್ಬಿನ ನಕ್ಷೆ ಬಿಡಿಸಿಕೊಟ್ಟ: ಮೇಲೆ ಎರಡು ಗಂಟು, ಕೆಳಗೆ ಮೂರು. ನಕ್ಷೆ ಕೈಗೆ ಸಿಕ್ಕಿದ್ದೇ ತಡ, ಎಲ್ಲರೂ ಗಂಟು ಬಿಚ್ಚಿ ತೆಗೆಯತೊಡಗಿದರು. ಹತ್ತಿಪ್ಪತ್ತು ವರ್ಷ ಕಳೆದಾಗ ಆ ಮುಖಗಳಲ್ಲಿ ಕಣ್ಣುಗಳು ಗುಳಿ ಬಿದ್ದವು. ವಯಸ್ಸಾದಂತೆ ಕೆನ್ನೆಯ ಮೇಲ್ಭಾಗ ತಾನಾಗಿಯೇ ಕರಗುತ್ತದೆ. ಪಕ್ಕದ ಕೊಬ್ಬನ್ನೂ ತೆಗೆದರೆ ಉಳಿಯುವುದು ಮೂಳೆಯ ಅಂಚು. 1981ರಲ್ಲಿ ಬ್ರೆಜಿಲ್ಲಿನ ರಾವುಲ್ ಲೋಯೆಬ್ ಕೊಬ್ಬನ್ನು ಎಸೆಯುವ ಬದಲು ಪಕ್ಕದ ತಗ್ಗಿಗೆ ಜಾರಿಸುವುದನ್ನು ಬರೆದ. ಕಣ್ಣಿನ ಒಳಮೂಲೆಯಿಂದ ಕೆನ್ನೆಗೆ ಇಳಿಯುವ ಆ ತಗ್ಗಿಗೆ ಟಿಯರ್ ಟ್ರಫ್ ಎನ್ನುತ್ತಾರೆ, ಕಣ್ಣೀರ ಕಾಲುವೆ ಅನ್ನೋಣ. ಈಗ ಅದನ್ನು ಸೂಜಿಯಿಂದ ತುಂಬಿಸುವುದೂ ಇದೆ. ತುಂಬುವ ಹಯಲುರಾನಿಕ್ ಆಮ್ಲವನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ಬೇಡವಾದರೆ ಕರಗಿಸುವ ಮದ್ದಿದೆ, ಅದು ದೊಡ್ಡ ಅನುಕೂಲ. ಆದರೆ ಸೂಜಿ ತಪ್ಪಿ ರಕ್ತನಾಳಕ್ಕೆ ಹೋದರೆ ದೃಷ್ಟಿಯೇ ಹೋದದ್ದುಂಟು. ಅಪರೂಪ, ಆದರೂ ಬ್ಯೂಟಿ ಪಾರ್ಲರಿನಲ್ಲಿ ಮಾಡಿಸಿಕೊಳ್ಳುವ ಕೆಲಸವಲ್ಲ.

ಇಷ್ಟೆಲ್ಲ ಚೀಲದ ಮಾತಾಯಿತು. ನಮ್ಮ ಕಡೆಯವರಲ್ಲಿ ಹೆಚ್ಚಿನವರ ದೂರು ಕಪ್ಪಿನದು, ಅದು ಬೇರೆ ಜಾತಿಯದು. ಕನ್ನಡಿಯ ಮುಂದೆ ಕೆಳರೆಪ್ಪೆಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿ. ಕಪ್ಪು ಚರ್ಮದ ಜೊತೆಗೇ ಸರಿದರೆ ಅದು ಬಣ್ಣ. ವಂಶದ್ದೋ, ಅಲರ್ಜಿಗೆ ಉಜ್ಜಿ ಉಜ್ಜಿ ಬಂದದ್ದೋ ಇರಬಹುದು. ಎಳೆದಾಗ ನೀಲಿ ಇನ್ನಷ್ಟು ಎದ್ದು ಕಂಡರೆ ಅದು ತೆಳುಚರ್ಮದಡಿಯ ರಕ್ತನಾಳ. ಮುಖದ ನೇರಕ್ಕೆ ಬೆಳಕು ಹಿಡಿದಾಗ ಮಾಯವಾದರೆ ಅದು ಬರೀ ನೆರಳು, ಅದಕ್ಕೆ ಯಾವ ಕ್ರೀಮು ಹಚ್ಚಿದರೂ ದುಡ್ಡು ದಂಡ. ನನ್ನದು ಅರ್ಧ ನೆರಳು, ಅರ್ಧ ಅಪ್ಪ. ಸೌತೆಕಾಯಿ ಬಿಲ್ಲೆ ಇಟ್ಟರೆ ತಂಪಿಗೆ ಊತ ಸ್ವಲ್ಪ ಹೊತ್ತು ಇಳಿಯುತ್ತದೆ, ಬಣ್ಣ ಹೋಗುವುದಿಲ್ಲ.

ಬಣ್ಣ ಇಳಿಸುವ ಮದ್ದಿನ ಹಿಂದೆಯೂ ಒಂದು ಚರಿತ್ರೆಯಿದೆ. 1975ರಲ್ಲಿ ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮೂರು ಔಷಧಗಳ ಮಿಶ್ರಣ ಪ್ರಕಟಿಸಿದ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟಿರಾಯ್ಡ್. ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದ್ದಕ್ಕೆ ನಂತರ ತೀವ್ರ ಟೀಕೆಗೊಳಗಾದ ಕ್ಲಿಗ್‌ಮನ್ ಇವನೇ. ಚರ್ಮವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರಕ್ಕೆಂದು ಇರುವ ಇಂಥ ಮಿಶ್ರಣ ನಮ್ಮಲ್ಲಿ ಫೇರ್‌ನೆಸ್ ಕ್ರೀಮಿನಂತೆ ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಸಿಗತೊಡಗಿತು. ಹಾಸ್ಟೆಲ್ ರೂಮುಗಳಲ್ಲಿ ಒಬ್ಬರ ಟ್ಯೂಬನ್ನು ನಾಲ್ವರು ಹಚ್ಚುತ್ತಾರೆ. ಮೊದಲ ವಾರ ಚರ್ಮ ಬೆಳ್ಳಗಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೆಳುವಾಗಿ ಕೆಂಪಾಗುತ್ತದೆ, ನಿಲ್ಲಿಸಿದರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಕೂಡದೆಂದು ಅಧಿಸೂಚನೆ ಹೊರಡಿಸಿತು. ಕಟ್ಟೆಯ ಮೇಲೆ ಕೇಳಿದರೆ ಈಗಲೂ ಸಿಗುತ್ತದೆ, ನಾನೇ ಕೇಳಿ ನೋಡಿದ್ದೇನೆ. ಕಣ್ಣಿನ ಸುತ್ತ ಬಹುಕಾಲ ಸ್ಟಿರಾಯ್ಡ್ ಹಚ್ಚಿದರೆ ಕಣ್ಣಿನ ಒಳಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆ ಬರಬಹುದು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದು ಬರೆದಿರುತ್ತದೆ. ನನ್ನ ರೂಮ್‌ಮೇಟಿನ ಡ್ರಾಯರಿನಲ್ಲಿದ್ದ ಟ್ಯೂಬಿನ ಮೇಲೂ ಅವುಗಳಲ್ಲಿ ಒಂದಿತ್ತು. ಅವನಿಗೆ ಮುಂದಿನ ವಾರ ಇಂಟರ್‌ವ್ಯೂ ಇತ್ತು.