ಮಂದೆ ಕಾಯುವ ದೊಡ್ಡ ನಾಯಿ



ಕುರಿಹಟ್ಟಿಗೆ ಚಿರತೆ ನುಗ್ಗಿ ಎರಡು ಮರಿ ಹೊತ್ತುಕೊಂಡು ಹೋಯಿತು ಅನ್ನಿ. ಮಾರನೆಯ ದಿನ ಮನೆಯಲ್ಲಿ ಏನು ಮಾತು ನಡೆಯುತ್ತದೆ ಎಂಬುದು ನಿಮಗೇ ಗೊತ್ತು. "ಕರುವಿನೆತ್ತರದ ಒಂದು ಜಾತಿ ನಾಯಿ ತರಬೇಕಪ್ಪ" ಅಂತಾನೆ ಮಗ. "ಅದಕ್ಕೆ ಮುದ್ದೆ ಹಾಕೋರು ಯಾರು?" ಅಂತಾಳೆ ತಾಯಿ. ಇಬ್ಬರ ಮಾತಿನಲ್ಲೂ ಹುರುಳಿದೆ. ಇಂಥ ನಾಯಿಗಳನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದ ಜನ ಬೇರೆ ಬೇರೆ ದೇಶಗಳಲ್ಲಿ ಇದ್ದಾರೆ. ಅವರಿಗೆ ಅದರಿಂದ ಬಂದದ್ದೇನು, ಅವರು ತೆತ್ತದ್ದೇನು ಎಂಬುದನ್ನು ಮರಿಗೆ ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಕ್ರಿಸ್ತಪೂರ್ವ 37ರ ಮಾತು. ರೋಮಿನಲ್ಲಿ ವಾರೋ ಎಂಬ ಪಂಡಿತನಿದ್ದ. ಎಂಬತ್ತರ ಹತ್ತಿರದ ವಯಸ್ಸು. ಅವನ ಹೆಂಡತಿ ಒಂದು ಜಮೀನು ಕೊಂಡಿದ್ದಳು. ಅದನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳುವುದಕ್ಕಾಗಿ ಮುದುಕ ಒಕ್ಕಲುತನದ ಮೇಲೆ ಪುಸ್ತಕವನ್ನೇ ಬರೆಯತೊಡಗಿದ. ಅದರಲ್ಲಿ ಮಂದೆಯ ನಾಯಿಗಳ ಸಂಗತಿಯೂ ಬರುತ್ತದೆ. ನಾಯಿಯನ್ನು ಬೇಟೆಗಾರನಿಂದ ಕೊಳ್ಳಬೇಡಿ, ಕಟುಕನಿಂದಲೂ ಕೊಳ್ಳಬೇಡಿ, ಕುರುಬನಿಂದ ಕೊಳ್ಳಿ ಅನ್ನುತ್ತಾನೆ. ಬೇಟೆಗಾರನ ನಾಯಿ ಮೊಲ ಕಂಡರೆ ಕುರಿಗಳನ್ನು ಬಿಟ್ಟು ಅದರ ಹಿಂದೆ ಓಡುತ್ತದೆ. ಸತ್ತ ಕುರಿಯ ಮಾಂಸವನ್ನು ನಾಯಿಗೆ ಹಾಕಕೂಡದು, ರುಚಿ ಹತ್ತೀತು ಎಂದೂ ಎಚ್ಚರಿಸುತ್ತಾನೆ. ಹಾಲಿನಲ್ಲಿ ನೆನೆಸಿದ ಜವೆಗೋಧಿ ರೊಟ್ಟಿ ಹಾಕಿ ಎಂಬುದು ಅವನ ಸಲಹೆ.

ಕೊರಳಪಟ್ಟಿಯ ವಿಷಯವನ್ನಂತೂ ಬಹಳ ವಿವರವಾಗಿ ಹೇಳಿದ್ದಾನೆ. ಗಟ್ಟಿ ತೊಗಲಿನ ಪಟ್ಟಿ, ಅದರ ಸುತ್ತ ಮೊನೆ ಹೊರಕ್ಕೆ ಚಾಚಿದ ಮೊಳೆಗಳು, ಮೊಳೆಯ ತಲೆ ನಾಯಿಯ ಕುತ್ತಿಗೆಗೆ ಒತ್ತದಂತೆ ಒಳಗಡೆ ಮೆತ್ತನೆಯ ಚರ್ಮ. ಒಂದು ತೋಳಕ್ಕೆ ಆ ಮೊಳೆ ಚುಚ್ಚಿದರೆ ಸಾಕು, ಪಟ್ಟಿ ಇಲ್ಲದ ಮಿಕ್ಕ ನಾಯಿಗಳೂ ಬದುಕಿಕೊಳ್ಳುತ್ತವೆ ಅನ್ನುತ್ತಾನೆ. ಇಂದಿಗೂ ಹಿಮಾಚಲ ಪ್ರದೇಶದ ಗದ್ದಿ ಕುರುಬರು ತಮ್ಮ ನಾಯಿಗಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟುತ್ತಾರೆ. ಚಿರತೆ ಹಿಡಿಯುವುದು ಗಂಟಲನ್ನೇ ತಾನೆ!

ವಾರೋ ಹೇಳುವ ಇನ್ನೊಂದು ಪ್ರಸಂಗ ಕೇಳಿ. ಒಬ್ಬ ಯಜಮಾನ ಇಟಲಿಯ ನಡುಭಾಗದ ಉಂಬ್ರಿಯಾದಲ್ಲಿ ಕುರಿಮಂದೆಗಳನ್ನು ಕೊಂಡ. ವ್ಯಾಪಾರದಲ್ಲಿ ನಾಯಿಗಳೂ ಸೇರಿದ್ದವು, ಕುರುಬರು ಸೇರಿರಲಿಲ್ಲ. ಅವರ ಕೆಲಸ ಮಂದೆಯನ್ನು ದೂರದ ದಕ್ಷಿಣಕ್ಕೆ ಹೊಡೆದುಕೊಂಡು ಹೋಗಿ ಒಪ್ಪಿಸುವುದಷ್ಟೆ. ಒಪ್ಪಿಸಿದರು, ಊರಿಗೆ ಹಿಂದಿರುಗಿದರು. ಕೆಲವು ದಿನ ಕಳೆದ ಮೇಲೆ ನೋಡಿದರೆ ನಾಯಿಗಳೂ ಬಂದುಬಿಟ್ಟಿವೆ! ಎಷ್ಟೋ ದಿನಗಳ ದಾರಿಯನ್ನು, ಹೊಲದಲ್ಲಿ ಸಿಕ್ಕಿದ್ದು ತಿಂದುಕೊಂಡು, ತಾವೇ ನಡೆದು ಬಂದಿದ್ದವು. ಹಣ ಕೊಟ್ಟವನ ಕೈಗೆ ಏನು ಬಂತು, ನೀವೇ ಹೇಳಿ.

ಅದಾಗಿ ಸುಮಾರು ನೂರು ವರ್ಷಕ್ಕೆ ಕಾಲ್ಯುಮೆಲ್ಲ ಎಂಬ ಇನ್ನೊಬ್ಬ ರೋಮನ್ನನು ಬಣ್ಣದ ಮಾತೆತ್ತಿದ. ಮನೆ ಕಾಯುವ ನಾಯಿ ಕಪ್ಪಗಿರಲಿ, ರಾತ್ರಿ ಕಳ್ಳನ ಕಣ್ಣಿಗೆ ಬೀಳದು. ಮಂದೆಯ ನಾಯಿ ಬೆಳ್ಳಗಿರಲಿ, ಮಬ್ಬುಗತ್ತಲಲ್ಲಿ ತೋಳವೆಂದು ತಿಳಿದು ಕುರುಬ ತನ್ನ ನಾಯಿಗೇ ಹೊಡೆದಾನು. ಇಟಲಿಯ ಮಾರೆಮ್ಮಾ ನಾಯಿ, ಫ್ರಾನ್ಸಿನ ಪಿರೆನೀಸ್ ಬೆಟ್ಟದ ನಾಯಿ ಇವತ್ತಿಗೂ ಬಿಳಿಯವೇ.

ಬೇಟೆನಾಯಿ ಬೇರೆ, ಕಾವಲುನಾಯಿ ಬೇರೆ ಎಂದೆನಲ್ಲ. ನಮ್ಮ ನಾಡಿನಲ್ಲಿ ಬೇಟೆನಾಯಿಗೆ ಕಲ್ಲನ್ನೇ ನಿಲ್ಲಿಸಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೀವು ಕೇಳಿರಬಹುದು, ಶಕ 872ರದು. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರನಿಗೆ ಗಂಗರ ಇಮ್ಮಡಿ ಬೂತುಗನು "ಏನು ಬೇಕೋ ಕೇಳು" ಅಂದಾಗ ಅವನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಅದು ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಕಾಳಿಯ ವೀರಕ್ಕೆ ಎದುರಿಲ್ಲ. ಆದರೆ ಕಾಳಿಯಂಥದ್ದನ್ನು ಕುರಿಹಟ್ಟಿಯಲ್ಲಿ ಬಿಟ್ಟರೆ ಏನಾದೀತು! ಮಂದೆಯ ನಾಯಿ ಗೆಲ್ಲುವುದು ಕಾದಾಡಿ ಅಲ್ಲ. ಸುತ್ತ ತಿರುಗಿ ಉಚ್ಚೆ ಹೊಯ್ದು ಗಡಿ ಗುರುತು ಮಾಡುತ್ತದೆ, ಬೊಗಳುತ್ತದೆ, ಮಂದೆಗೂ ಮೃಗಕ್ಕೂ ನಡುವೆ ಬಂದು ನಿಲ್ಲುತ್ತದೆ. ಮುಕ್ಕಾಲು ಪಾಲು ಮೃಗ ಅಷ್ಟಕ್ಕೇ ತಿರುಗಿ ಹೋಗುತ್ತದೆ.

ಮುಂದೆ ಯೂರೋಪಿನ ಜನ ಬಂದೂಕು ಹಿಡಿದು, ವಿಷವಿಟ್ಟು ತೋಳಗಳನ್ನು ಅಳಿಸಿದರು. ಫ್ರಾನ್ಸಿನಲ್ಲಿ 1930ರ ದಶಕದ ಹೊತ್ತಿಗೆ ತೋಳವೇ ಇಲ್ಲವಾಯಿತು. ನಾಯಿಗೂ ಕೆಲಸ ತಪ್ಪಿತು. 1992ರಲ್ಲಿ ಇಟಲಿ ಕಡೆಯಿಂದ ತೋಳ ಆಲ್ಪ್ಸ್ ಬೆಟ್ಟಕ್ಕೆ ಮರಳಿ ಬಂದಾಗ, ನಾಯಿ ಸಾಕುವ ಪದ್ಧತಿಯೇ ಅಲ್ಲಿನ ಕುರಿಗಾರರಿಗೆ ಮರೆತುಹೋಗಿತ್ತು. ಮತ್ತೆ ಕಲಿಯಬೇಕಾಯಿತು. ನಾಯಿ ಬಂದ ಮೇಲೆ ಬೇರೆ ತಂಟೆ: ಬೆಟ್ಟ ಹತ್ತಲು ಬಂದ ಪರಸ್ಥಳದವರನ್ನು ಅದು ಕಚ್ಚತೊಡಗಿತು. ಅದಕ್ಕೆ ತೋಳವೂ ಅಪರಿಚಿತ, ಇವರೂ ಅಪರಿಚಿತರು.

ಅಮೆರಿಕದಲ್ಲಿ 1972ರಲ್ಲಿ ಸರ್ಕಾರದ ಭೂಮಿಯಲ್ಲಿ ಮೃಗಗಳಿಗೆ ವಿಷವಿಡುವುದನ್ನು ನಿಲ್ಲಿಸಿದರು. ಕುರಿ ಸಾಕುವವರು ಗಾಬರಿಯಾದರು. ಆಗ ಹ್ಯಾಂಪ್‌ಶೈರ್ ಕಾಲೇಜಿನ ಕಾಪಿಂಜರ್ ದಂಪತಿಗಳು ಇಟಲಿ, ಯುಗೊಸ್ಲಾವಿಯ, ತುರ್ಕಿಗಳಿಂದ ಮರಿ ತರಿಸಿ ರೈತರಿಗೆ ಕೊಟ್ಟು, ಏನಾಗುತ್ತದೆಂದು ವರ್ಷಗಟ್ಟಲೆ ಬರೆದಿಟ್ಟರು. ಅವರು ಕಂಡದ್ದು ಇಷ್ಟು: ಜಾತಿಯೊಂದೇ ಸಾಲದು. ಹುಟ್ಟಿದ ಮೊದಲ ನಾಲ್ಕು ತಿಂಗಳೊಳಗೆ ಮರಿ ಕುರಿಗಳ ನಡುವೆ ಬೆಳೆಯಬೇಕು. ಮನೆಯ ಜಗಲಿಯಲ್ಲಿ ಮಕ್ಕಳ ಜೊತೆ ಆಡಿ ಬೆಳೆದ ನಾಯಿಯನ್ನು ಆಮೇಲೆ ಹಟ್ಟಿಗೆ ಅಟ್ಟಿದರೆ ಅದು ಜಗಲಿಗೇ ಬರುತ್ತದೆ. ವಾರೋ ಕಾಲದ ನಾಯಿಗಳು ಉಂಬ್ರಿಯಾಕ್ಕೆ ನಡೆದುಹೋದ ಹಾಗೆಯೇ. ಇನ್ನೊಂದು, ಪೂರ್ತಿ ಬುದ್ಧಿ ಬಲಿಯಲು ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ಕುರಿಮರಿಯ ಕಿವಿ ಕಚ್ಚಿ ಆಡುವ ದೊಡ್ಡ ಕೂಸು ಅದು. ಬಹಳ ನಾಯಿಗಳು ಬಲಿಯುವ ಮೊದಲೇ ಸತ್ತವು. ರೋಗಕ್ಕಿಂತ ಹೆಚ್ಚಾಗಿ ಗಾಡಿಯ ಕೆಳಗೆ ಸಿಕ್ಕಿ, ಗುಂಡಿಗೆ ಸಿಕ್ಕಿ.

ಈಗ ತಾಯಿಯ ಮಾತಿಗೆ ಬರೋಣ. ಐವತ್ತು ಕಿಲೋ ತೂಗುವ ನಾಯಿ ನಿಮ್ಮ ತಟ್ಟೆಯಲ್ಲಿ ಮಿಕ್ಕಿದ್ದರಿಂದ ಬದುಕುವುದಿಲ್ಲ. ಬೇಗ ಬೆಳೆಯಲೆಂದು ಮರಿಗೆ ತುರುಕಿದರೂ ಕೇಡೇ, ಎಲುಬು ಕೆಡುತ್ತದೆ. ಸೊಂಟದ ಕೀಲು ಸಡಿಲವಾಗುವ ದೋಷ ಇಂಥ ಜಾತಿಗಳಲ್ಲಿ ವಂಶದಿಂದ ಬರುತ್ತದೆ. ಹೊಟ್ಟೆ ಉಬ್ಬಿ ಕರುಳು ತಿರುಚಿದಂತೆ ಜಠರವೇ ತಿರುಚಿಕೊಂಡರೆ, ಕೆಲವು ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆಯಾಗಬೇಕು, ಇಲ್ಲದಿದ್ದರೆ ಹೋಯಿತು. ಆಯಸ್ಸು ಹತ್ತು ಹನ್ನೆರಡು ವರ್ಷ. ಮಂಜಿನ ಬೆಟ್ಟಕ್ಕೆಂದು ಬೆಳೆದ ಆ ದಪ್ಪ ಕೂದಲು ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಏನು ಮಾಡೀತು? ನೆರಳಿನಲ್ಲಿ ಬಿದ್ದು ಏದುತ್ತದೆ. ರಾತ್ರಿಯಾದರೆ ಬೆಳಗಿನ ತನಕ ಬೊಗಳುತ್ತದೆ. ಬೊಗಳಬೇಡ ಅನ್ನುವ ಹಾಗಿಲ್ಲ, ಅದರ ಕಸುಬೇ ಅದು. ಪಕ್ಕದ ಮನೆಯವರು ಒಂದು ದಿನ ಸುಮ್ಮನಿರುತ್ತಾರೆ, ಹತ್ತು ದಿನ ಇರುವುದಿಲ್ಲ.

ಶೋಕಿಗೆ ಸಾಕಿದವರ ಗತಿಯನ್ನೂ ಹೇಳಿಬಿಡುತ್ತೇನೆ. ಟಿಬೆಟ್ಟಿನ ಪಶುಪಾಲಕರ ದೊಡ್ಡ ನಾಯಿ ಚೀನಾದ ಸಿರಿವಂತರಿಗೆ ಪ್ರತಿಷ್ಠೆಯ ವಸ್ತುವಾಯಿತು. 2014ರಲ್ಲಿ ಒಂದು ಮರಿ 1 ಕೋಟಿ 20 ಲಕ್ಷ ಯುವಾನಿಗೆ ಮಾರಿತೆಂದು ಪತ್ರಿಕೆಗಳು ಬರೆದವು. ಎರಡು ವರ್ಷ ಕಳೆಯುವಷ್ಟರಲ್ಲಿ ಬೆಲೆ ಕುಸಿಯಿತು. ಕೂಳು ಹಾಕಲಾರದೆ ಸಾಕಿದವರೇ ಬೀದಿಗೆ ಬಿಟ್ಟರು. ಮಂದೆ ಕಾಯಬೇಕಾದ ನಾಯಿಗಳು ಗುಂಪುಕಟ್ಟಿ ಮಂದೆಯ ಮೇಲೆಯೇ ಬೀಳತೊಡಗಿದವು.

ಹಾಗಾದರೆ ನಾಯಿ ಬೇಡವೇ? ಬೇಡ ಅನ್ನುವುದಿಲ್ಲ. ನಮ್ಮ ಉತ್ತರದ ಸೀಮೆಯ ಕುರುಬರ ಹಿಂಡಿನ ಜೊತೆ ನಡೆಯುವ ನಾಯಿಗಳನ್ನು ನೋಡಿ. ಕುರುಬ ಉಂಡದ್ದನ್ನೇ ಉಣ್ಣುತ್ತವೆ, ಬಿಸಿಲು ತಡೆಯುತ್ತವೆ, ಹೊಸ ಸದ್ದಿಗೆ ಎಲ್ಲರನ್ನೂ ಎಬ್ಬಿಸುತ್ತವೆ. ಅಂಥ ಹಿಂಡಿನಲ್ಲಿ ಹುಟ್ಟಿದ ಮರಿ ಸಿಕ್ಕರೆ, ಕಣ್ಣು ಬಿಟ್ಟು ಹಾಲು ಬಿಟ್ಟ ಕೂಡಲೇ ತಂದು ನಿಮ್ಮ ಹಟ್ಟಿಯಲ್ಲೇ ಕುರಿಗಳ ನಡುವೆ ಬಿಡಿ. ಒಂದಲ್ಲ, ಎರಡು ತನ್ನಿ. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ, ನಿಮ್ಮ ಮಕ್ಕಳೂ ಅದೇ ಹಟ್ಟಿಯಲ್ಲಿ ಓಡಾಡುತ್ತಾರಲ್ಲ. ಚಿರತೆಯ ಕಾಟವಿರುವ ಕಡೆಯಾದರೆ ಊರಿನ ಚಮ್ಮಾರನ ಹತ್ತಿರ ಹೋಗಿ, ಮೊಳೆಯ ತಲೆಗೆ ಒಳಗಿನಿಂದ ಮೆತ್ತನೆಯ ಚರ್ಮ ಹೊಲಿಸಿ, ಒಂದು ಕೊರಳಪಟ್ಟಿ ಮಾಡಿಸಿಕೊಳ್ಳಿ. ಮರಿ ಬೆಳೆದ ಹಾಗೆ ಅದನ್ನು ಸಡಿಲಿಸುವುದನ್ನು ಮಾತ್ರ ಮರೆಯಬೇಡಿ.