ಅಜ್ಜಿಯ ಬೇತಾಳ, ಜಪಾನಿನ ಡಿ

ಹೋದ ವರ್ಷ ಆಫೀಸಲ್ಲಿ ಪಕ್ಕದ ಸೀಟಿನ ಹುಡುಗ ಒಂದು ಪುಸ್ತಕ ಕೈಗಿಟ್ಟ. 'ವ್ಯಾಂಪೈರ್ ಹಂಟರ್ ಡಿ' ಅಂತ, ಜಪಾನಿ ಕಾದಂಬರಿಯ ಇಂಗ್ಲಿಷ್ ಅನುವಾದ. ಬರೆದವರು ಹಿದೆಯುಕಿ ಕಿಕುಚಿ, ಚಿತ್ರ ಯೋಶಿತಾಕ ಅಮಾನೊ ಅವರದು. ಮೊದಲ ಪುಸ್ತಕ ಬಂದಿದ್ದು 1983ರಲ್ಲಿ. ಈಗ ಸಂಪುಟಗಳು 40 ದಾಟಿವೆ. "ಇಷ್ಟು ವರ್ಷ ಒಬ್ಬನೇ ಹೀರೋನ ಇಟ್ಕೊಂಡು ದೆವ್ವದ ಕಥೆ ನಡ್ಸಿದಾರೆ ಗುರು, ಕನ್ನಡದಲ್ಲಿ ಇಂಥದ್ದು ಇದ್ಯಾ?" ಅಂತ ಕೇಳಿದ. ನಾನು ಯೋಚನೆನೂ ಮಾಡದೆ "ಇಲ್ಲ ಬಿಡು" ಅಂದೆ.

ಶುಕ್ರವಾರ ರಾತ್ರಿ ಊರಿಗೆ ಹೋಗುವ ಬಸ್ಸಲ್ಲಿ ಓದೋಕೆ ಶುರು ಮಾಡಿದೆ. ಕಥೆ ನಡೆಯೋದು ಕ್ರಿ.ಶ. 12,090ರಲ್ಲಿ. ನೆತ್ತರು ಹೀರುವ ರಕ್ತಪಿಶಾಚಿಗಳು ಸಾವಿರಾರು ವರ್ಷ ಮನುಷ್ಯರನ್ನು ಆಳಿ, ಈಗ ಅವುಗಳ ಕಾಲ ಮುಗೀತಾ ಬಂದಿದೆ. ಅವನ್ನು ಬೇಟೆಯಾಡುವ ಡಿ ಕೂಡ ಅರ್ಧ ಪಿಶಾಚಿ. ಮಾತು ಕಮ್ಮಿ. ಆದರೆ ಅವನ ಎಡಗೈಯಲ್ಲಿ ಒಂದು ಮುಖ ಇದೆ, ಅದಕ್ಕೆ ಬಾಯಿ ಸುಮ್ಮನಿರಲ್ಲ. ಕಿಚಾಯಿಸುತ್ತೆ, ಬುದ್ಧಿ ಹೇಳುತ್ತೆ, ಕಷ್ಟ ಬಂದಾಗ ಕಾಪಾಡುತ್ತೆ.

ಬಸ್ಸು ಕುಣಿಗಲ್ ಮುಟ್ಟೋ ಹೊತ್ತಿಗೆ ನಂಗೆ ಥಟ್ಟನೆ ಹೊಳೀತು. ಮಾತಾಡದ ಮನುಷ್ಯ, ಅವನ ಮೈಮೇಲೇ ಕೂತು ಬಾಯಿ ಬಿಡುವ ಪಿಶಾಚಿ, ಮುಗಿಯದ ಕಥೆ. ಇದನ್ನ ನಾನು ಓದಿದೀನಿ! ಓದಿದ್ದೂ ಅಲ್ಲ, ಗಟ್ಟಿಯಾಗಿ ಓದಿ ಹೇಳಿದೀನಿ.

ನಮ್ಮೂರು ಗುಬ್ಬಿಗೂ ಕುಣಿಗಲ್ಲಿಗೂ ನಡುವೆ. ತೊಂಬತ್ತರ ದಶಕದ ಮಾತು. ಅಪ್ಪ ಮಂಡಿಗೆ ಹುಣಸೆಹಣ್ಣು ಹಾಕೋಕೆ ತುಮಕೂರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ಅಂಗಡಿಯಿಂದ 'ಚಂದಮಾಮ' ತರೋರು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಸಂಜೆ ಜಗಲಿ ಮೇಲೆ ಕೂತು ಬೇತಾಳ ಕಥೆಯನ್ನ ಮೊದಲು ಅವಳಿಗೆ ಓದಿ ಹೇಳಬೇಕು, ಆಮೇಲೆ ಉಳಿದದ್ದು. ಕಥೆ ಮುಗಿದು ಬೇತಾಳ ಪ್ರಶ್ನೆ ಕೇಳ್ತಿದ್ದ ಹಾಗೇ ಅಜ್ಜಿ ನನ್ನ ತಡೆದು, ರಾಜನಿಗಿಂತ ಮುಂಚೆ ತಾನೇ ತೀರ್ಪು ಕೊಡೋಳು. ಎಷ್ಟೋ ಸಲ ಅವಳ ತೀರ್ಪೇ ಸರಿ ಇರ್ತಿತ್ತು. ಕೊನೆಗೆ ಶವದ ಸಮೇತ ಬೇತಾಳ ಮರ ಸೇರಿದಾಗ ಪ್ರತೀ ಸಲ ಅದೇ ಮಾತು: "ಯಾವಾಗ್ಲಾ ಮುಗಿಯಾದು ಇದು?" ನಾನು "ಮುಂದಿನ ತಿಂಗಳು ಅಜ್ಜಿ" ಅಂತಿದ್ದೆ.

ನಿಯಮ ನಿಮಗೂ ನೆನಪಿರಬೇಕು. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಾವಿರ ಹೋಳು. ಹೇಳಿದರೆ ಮೌನ ಮುರಿದು ಶವ ವಾಪಸ್ ಮರಕ್ಕೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಪಕ್ಕಾ ಲೂಪ್. ಹೊರಗೆ ಬರೋಕೆ ಇರೋದು ಒಂದೇ ದಾರಿ: ರಾಜನಿಗೆ ನಿಜವಾಗಿಯೂ ಉತ್ತರ ಗೊತ್ತಿಲ್ಲದ ಪ್ರಶ್ನೆ ಬರಬೇಕು.

ಮೂಲದಲ್ಲಿ ಆ ಪ್ರಶ್ನೆ ಬರುತ್ತೆ. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ, ರಾಣಿ ಸೂರ್ಯಮತಿಗಾಗಿ 'ಕಥಾಸರಿತ್ಸಾಗರ' ಬರೆದ. ಗುಣಾಢ್ಯ ಪೈಶಾಚಿ ಭಾಷೆಯಲ್ಲಿ ಬರೆದನೆಂದು ಹೇಳುವ, ಈಗ ಕಳೆದುಹೋಗಿರುವ 'ಬೃಹತ್ಕಥೆ'ಯ ಪರಂಪರೆ ಅದು. ಅದರೊಳಗೆ ಬೇತಾಳನ 25 ಕಥೆಗಳಿವೆ. ರಾಜನ ಹೆಸರು ತ್ರಿವಿಕ್ರಮಸೇನ. ಹಿಂದಿ ಕಡೆಯವರಿಗೆ ಅವನು ಬರೀ ವಿಕ್ರಮ್. 1985ರಲ್ಲಿ ರಮಾನಂದ ಸಾಗರ್ ದೂರದರ್ಶನಕ್ಕೆ ಮಾಡಿದ ಧಾರಾವಾಹಿಯಲ್ಲೂ ಹಾಗೇ. ನಾವು ಮಾತ್ರ ಸೋಮದೇವನ ಹೆಸರನ್ನೇ ಉಳಿಸಿಕೊಂಡಿದ್ದೀವಿ. ಇವತ್ತಿಗೂ ಸೋತು ಸೋತು ಮತ್ತೆ ಎಲೆಕ್ಷನ್‌ಗೆ ನಿಲ್ಲೋರನ್ನ ಪೇಪರಿನವರು 'ಛಲ ಬಿಡದ ತ್ರಿವಿಕ್ರಮ' ಅಂತಾರಲ್ಲ! ತಮಿಳರು ಬೇತಾಳನ ಕಡೆ ಹಿಡಿದರು. ಹಳೇ ಚಾಳಿಗೆ ಮರಳಿದವರನ್ನ ಕಂಡರೆ ಬೇತಾಳ ಮತ್ತೆ ನುಗ್ಗೆಮರ ಹತ್ತಿತು ಅನ್ನೋ ಗಾದೆ ಅವರದು.

'ಚಂದಮಾಮ'ವನ್ನು 1947ರ ಜುಲೈನಲ್ಲಿ ಮದ್ರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿ ತೆಲುಗು ಮತ್ತು ತಮಿಳಿನಲ್ಲಿ ಶುರು ಮಾಡಿದರು. ನಲವತ್ತರ ದಶಕ ಮುಗಿಯೋದ್ರೊಳಗೆ ಕನ್ನಡಕ್ಕೂ ಬಂತು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜನ ಚಿತ್ರವನ್ನ ದಶಕಗಟ್ಟಲೆ ಬರೆದವರು ಶಂಕರ್. 2020ರಲ್ಲಿ ತೀರಿಕೊಂಡರು, ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. ಪತ್ರಿಕೆಗೆ ಇದ್ದ ಕಷ್ಟ ಏನಂದ್ರೆ, 25 ಕಥೆ ಎರಡು ವರ್ಷಕ್ಕೆ ಖಾಲಿ. ಓದುಗರು ಬಿಡ್ತಾರಾ? ಕೊಡವಟಿಗಂಟಿ ಕುಟುಂಬರಾವ್ ಅವರಂಥ ಸಂಪಾದಕರ ಕಾಲದಲ್ಲಿ ಬೇರೆ ಬೇರೆ ಕಥೆಗಳಿಗೆ ಅದೇ ಚೌಕಟ್ಟು ಹಾಕಿ, ಕೊನೆಗೊಂದು ಪ್ರಶ್ನೆ ಜೋಡಿಸಿ ಮುಂದುವರಿಸಿದರು. ಲೂಪಿನಿಂದ ಹೊರಬರುವ ಬಾಗಿಲಿಗೆ ಬೀಗ ಬಿತ್ತು.

ಬೇತಾಳಕ್ಕೂ ವ್ಯಾಂಪೈರ್‌ಗೂ ಏನು ಸಂಬಂಧ ಅಂತೀರಾ? ಬೇತಾಳ ಡ್ರಾಕುಲಾನ ಹಾಗೆ ಕತ್ತಿಗೆ ಬಾಯಿ ಹಾಕಲ್ಲ, ಸತ್ತವರ ಮೈ ಹೊಕ್ಕು ಕೂರುತ್ತೆ. ಗೋವಾದ ಆಮೋಣೆಯಲ್ಲಿ ಅದಕ್ಕೆ ಗುಡಿಯೇ ಇದೆ, ದೇವರು ಅಂತ ಪೂಜೆ ಆಗುತ್ತೆ. ಅದನ್ನ ವ್ಯಾಂಪೈರ್ ಅಂತ ಕರೆದವನು ಇಂಗ್ಲಿಷಿನ ರಿಚರ್ಡ್ ಬರ್ಟನ್. 1870ರಲ್ಲಿ 11 ಬೇತಾಳ ಕಥೆಗಳನ್ನ 'ವಿಕ್ರಮ್ ಅಂಡ್ ದ ವ್ಯಾಂಪೈರ್' ಅನ್ನೋ ಹೆಸರಲ್ಲಿ ಪ್ರಕಟಿಸಿದ. ಇದೇ ಬರ್ಟನ್‌ನನ್ನು ಬ್ರಾಮ್ ಸ್ಟೋಕರ್ ಮುಖತಃ ಭೇಟಿಯಾಗಿದ್ದ, ಅವನ ಕೋರೆಹಲ್ಲಿನ ಬಗ್ಗೆ ಬರೆದೂ ಇಟ್ಟಿದ್ದಾನೆ. ಸ್ಟೋಕರ್‌ನ 'ಡ್ರಾಕುಲಾ' ಬಂದಿದ್ದು 1897ರಲ್ಲಿ. ಅದನ್ನಿಟ್ಟುಕೊಂಡು 1958ರಲ್ಲಿ ಬ್ರಿಟನ್ನಿನ ಹ್ಯಾಮರ್ ಕಂಪನಿ ತೆಗೆದ ಸಿನಿಮಾಕ್ಕೆ ಮರುಳಾದ ಜಪಾನಿ ಹುಡುಗನೇ ಮುಂದೆ ಡಿ ಕಥೆ ಬರೆದ ಕಿಕುಚಿ. ಬೇತಾಳನಿಂದಲೇ ಡಿ ಹುಟ್ಟಿದ ಅಂತ ನಾನು ಹೇಳ್ತಿಲ್ಲ. ಆದರೆ ಇವರೆಲ್ಲ ಒಂದೇ ರಸ್ತೆಯಲ್ಲಿ ಒಬ್ಬರಿಗೊಬ್ಬರು ಎದುರಾದವರು.

ಈಗ ಅಜ್ಜಿ ವಿಷಯಕ್ಕೆ ಬರ್ತೀನಿ. 1998ರಲ್ಲಿ ಕಾರ್ಮಿಕರ ತಕರಾರಿನಿಂದ 'ಚಂದಮಾಮ' ನಿಂತುಹೋಯಿತು. ಅಪ್ಪ ತುಮಕೂರಿನಿಂದ ಬರಿಗೈಲಿ ಬಂದರು. ಅಜ್ಜಿಗೆ ಆಗಲೇ ಮೈ ಹುಷಾರಿರಲಿಲ್ಲ. "ಮುಗೀತೇನ್ಲಾ?" ಅಂದಳು. ನಂಗೆ ಏನು ಹೇಳಬೇಕೋ ತೋಚದೆ ಹಳೇ ಸಂಚಿಕೆ ಒಂದನ್ನ ಮುಂದಿಟ್ಟುಕೊಂಡು, ಓದುವವನ ಹಾಗೆ ನಟಿಸಿ, ಕೊನೆಯೊಂದನ್ನ ಕಟ್ಟಿದೆ. ರಾಜನಿಗೆ ಸಿಟ್ಟು ಬಂತು, ಕತ್ತಿ ತೆಗೆದು ಬೇತಾಳನ್ನ ಕಡಿದುಹಾಕಿದ, ರಾಜ್ಯಕ್ಕೆ ಹೋಗಿ ಸುಖವಾಗಿದ್ದ.

ಅಜ್ಜಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಷ್ಟು ದೂರ ಹೊತ್ಕೊಂಡ್ ಬಂದೋನು ಕಡಿತಾನೇನ್ಲಾ? ಸುಳ್ ಹೇಳ್ಬ್ಯಾಡ" ಅಂದಳು.

1999ರ ಕೊನೆಗೆ ಪತ್ರಿಕೆ ಮತ್ತೆ ಶುರುವಾಯಿತು. ಅಷ್ಟೊತ್ತಿಗೆ ಅಜ್ಜಿ ಇರಲಿಲ್ಲ. ಬೇತಾಳ ಮಾತ್ರ ಅದೇ ಮರದಲ್ಲಿ ನೇತಾಡ್ತಿತ್ತು. ನಾನು ಬಿಇಗೆ ಸೇರಿ, ಬೆಂಗಳೂರು ಸೇರಿ, 'ಚಂದಮಾಮ' ಓದೋದೇ ಬಿಟ್ಟೆ. 2007ರಲ್ಲಿ ಮುಂಬೈನ ಜಿಯೋಡೆಸಿಕ್ ಅನ್ನೋ ಸಾಫ್ಟ್‌ವೇರ್ ಕಂಪನಿ ಪತ್ರಿಕೆಯನ್ನ ಕೊಂಡಿತು. 2013ರ ಸುಮಾರಿಗೆ ಅದು ನಿಂತೇಹೋಯಿತು.

ಡಿ ಓದಿದ ಮೇಲೆ ಹುಡುಕಿಕೊಂಡು ಹೋಗಿ ಸೋಮದೇವನ ಕೊನೆಯನ್ನ ಓದಿದೆ. ಕೊನೆಯ ಪ್ರಶ್ನೆ ಇದು. ಒಬ್ಬ ಅಪ್ಪ, ಒಬ್ಬ ಮಗ. ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆ ಗುರುತು ನೋಡಿ, ದೊಡ್ಡ ಪಾದದವಳು ಅಪ್ಪನಿಗೆ, ಸಣ್ಣ ಪಾದದವಳು ಮಗನಿಗೆ ಅಂತ ಮಾತಾಡಿಕೊಳ್ತಾರೆ. ಸಿಕ್ಕಿದವರು ತಾಯಿ ಮಗಳು, ಆದರೆ ದೊಡ್ಡ ಪಾದ ಮಗಳದು. ಕೊಟ್ಟ ಮಾತಿನಂತೆ ಅಪ್ಪ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾಗ್ತಾರೆ. ಇಬ್ಬರಿಗೂ ಮಕ್ಕಳಾದವು. ಆ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಗೊತ್ತಾಗಲಿಲ್ಲ. ಸುಮ್ಮನೆ ನಡೆದ.

ಆಗ ಬೇತಾಳಕ್ಕೆ ಅವನ ಮೇಲೆ ಮೆಚ್ಚುಗೆ ಹುಟ್ಟುತ್ತೆ, ಇದ್ದ ಸತ್ಯ ಹೇಳುತ್ತೆ. ಶವ ತರೋಕೆ ಕಳಿಸಿದ ಸನ್ಯಾಸಿ ಕ್ಷಾಂತಿಶೀಲ ಬಲಿ ಕೊಡೋಕೆ ಕಾದಿರೋದು ರಾಜನನ್ನೇ. ಅಡ್ಡ ಬೀಳು ಅಂದಾಗ, ಹೇಗೆ ಅಂತ ನೀನೇ ತೋರಿಸು ಅನ್ನು, ಅವನು ಬಗ್ಗಿದಾಗ ಕಡಿ. ರಾಜ ಹಾಗೇ ಮಾಡಿ ಬದುಕಿಕೊಂಡ. ಕತ್ತಿ ಬಿದ್ದಿದ್ದು ಸನ್ಯಾಸಿಯ ಮೇಲೆ. ಹೊತ್ತು ತಂದ ಪಿಶಾಚಿಯೇ ಜೀವ ಉಳಿಸಿತು.

ಅಜ್ಜಿ ಹೇಳಿದ್ದೇ ಸರಿ. ಅಕ್ಷರ ಬರದವಳಿಗೆ ಗೊತ್ತಾಗಿದ್ದು ಓದು ಬರೋ ನಂಗೆ ಗೊತ್ತಾಗಲಿಲ್ಲ. ಅವಳಿಗೆ ಕೊನೆಯದಾಗಿ ಹೇಳಿದ ಕಥೆಯಲ್ಲಿ ಸುಳ್ಳು ಸೇರಿಸಿದೆನಲ್ಲ ಅನ್ನೋ ಕೊರಗು ಇನ್ನೂ ಇದೆ.

ಆದರೆ ಆ ಕೊನೆಯ ಪ್ರಶ್ನೆ ನೋಡಿದರೆ ನಗುನೂ ಬರುತ್ತೆ. ಅದು ವರಸೆ ಲೆಕ್ಕ. ಸೋದರಮಾವನನ್ನೇ ಮದುವೆಯಾಗೋ ನಮ್ಮ ಕಡೆ, ಯಾರು ಯಾರಿಗೆ ಎರಡು ಕಡೆಯಿಂದ ಏನಾಗಬೇಕು ಅಂತ ಇಡೀ ಊರು ಬಂದು ಕೇಳ್ತಿದ್ದಿದ್ದು ಅಜ್ಜಿಯನ್ನೇ. ರಾಜನ ಜಾಗದಲ್ಲಿ ಅವಳಿದ್ದಿದ್ರೆ ಎಲೆಅಡಿಕೆ ಹಾಕಿಕೊಳ್ಳೋದ್ರೊಳಗೆ ಉತ್ತರ ಹೇಳಿಬಿಡೋಳು. ಬೇತಾಳ ಮತ್ತೆ ಮರ ಹತ್ತೋದು. ಕಥೆ ಯಾವತ್ತೂ ಮುಗೀತಿರಲಿಲ್ಲ.